ಕೊಡಗಿನ ಎಂಟಿಬಿ ತಂಡ ತನ್ನ ರೇಸ್ ಸೀಸನ್ನನ್ನು ಹೇಗೆ ಹೊಂದಿಸಿಕೊಳ್ಳಬೇಕು

ಗೋಣಿಕೊಪ್ಪದ ಗೆಳೆಯರಿಗೆ ನಮಸ್ಕಾರ. ನೀವು ಆರು ಮಂದಿ ಇದ್ದೀರಿ, ಅವರಲ್ಲಿ ಮೂವರು ತೋಟದ ಮನೆಯವರು, ಒಬ್ಬರು ಶಿಕ್ಷಕಿ, ಇಬ್ಬರು ಕಾಲೇಜು ವಿದ್ಯಾರ್ಥಿಗಳು ಎಂದು ಬರೆದಿದ್ದೀರಿ. ಎಲ್ಲರ ಬಳಿಯೂ ಎಂಟಿಬಿ (ಮೌಂಟನ್ ಬೈಕ್, ಅಂದರೆ ಗುಡ್ಡದ ಮಣ್ಣಿನ ದಾರಿಗೆಂದು ಮಾಡಿದ) ಸೈಕಲ್ ಇದೆ, ಬರುವ ಸೀಸನ್ನಿನಲ್ಲಿ ಒಂದೇ ತಂಡವಾಗಿ ಸ್ಪರ್ಧಿಸುವ ಆಸೆಯಿದೆ. ಎಷ್ಟು ರೇಸ್‌ಗಳಿಗೆ ಹೋಗಬೇಕು, ಮಳೆಗಾಲದಲ್ಲಿ ಅಭ್ಯಾಸ ಹೇಗೆ, ಸೈಕಲ್ ಬದಲಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಬೆಂಗಳೂರಿನ ತಂಡಗಳ ವೇಳಾಪಟ್ಟಿಯನ್ನೇ ಅನುಸರಿಸಿ ಎಂದು ಇಲ್ಲಿ ಕೆಲವರು ಸಲಹೆ ಕೊಟ್ಟಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಕೊಡಗಿನ ವರ್ಷವೇ ಬೇರೆ.

ಮಣ್ಣಿನ ದಾರಿಯ ರೇಸ್‌ಗಳು ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ನಡೆಯುವುದು ಮಳೆ ಹಿಂದೆ ಸರಿದ ಮೇಲೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ತಿಂಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆಯಾದರೂ 2021ರಲ್ಲಿ ಅದು ಗದಗದಲ್ಲಿ ನಡೆದದ್ದು ಫೆಬ್ರವರಿಯಲ್ಲಿ. ನಮ್ಮಲ್ಲಿ ಅದೇ ಹೊತ್ತಿಗೆ ಕಾಫಿ ಕೊಯ್ಲು ನಡೆದಿರುತ್ತದೆ. ಅರೇಬಿಕಾ ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ, ಅದರ ಬೆನ್ನಿಗೇ ಕರಿಮೆಣಸು. ಕಣದಲ್ಲಿ ಹಣ್ಣು ಹರವಿರುವಾಗ, ಆಳುಗಳು ಸಿಗುವುದೇ ಕಷ್ಟವಾಗಿರುವಾಗ, ತೋಟದ ಮನೆಯ ಮೂವರು ತಿಂಗಳಿಗೆ ಎರಡು ವಾರಾಂತ್ಯ ಊರು ಬಿಟ್ಟು ಹೋಗುತ್ತೇವೆಂದರೆ ಮನೆಯವರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಹಾಗಾಗಿ ಮೂರು ಅಥವಾ ನಾಲ್ಕು ರೇಸ್ ಆರಿಸಿಕೊಳ್ಳಿ, ಅವಕ್ಕೆ ಆರೂ ಮಂದಿ ಒಟ್ಟಿಗೆ ಹೋಗಿ, ಉಳಿದವನ್ನು ಬಿಟ್ಟುಬಿಡಿ. ಒಬ್ಬೊಬ್ಬರು ಒಂದೊಂದು ರೇಸ್‌ಗೆ ಹೋಗಿ ಬಂದರೆ ಅಲ್ಲಿ ತಂಡವೆಂಬುದೇ ಉಳಿಯುವುದಿಲ್ಲ. ದಿನಾಂಕ ನೋಡುವಾಗ ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ವಾರವನ್ನು ಮೊದಲೇ ಹೊಡೆದುಹಾಕಿಬಿಡಿ.

ಇದರಿಂದ ಇನ್ನೊಂದು ಮಾತು ತಾನಾಗಿಯೇ ಹೊರಡುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಹೊಸದಾಗಿ ಶಕ್ತಿ ಕಟ್ಟಿಕೊಳ್ಳಲು ಸಮಯ ಸಿಗುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬಹುದು ಅಷ್ಟೆ. ಆದ್ದರಿಂದ ನಿಮ್ಮ ಸೀಸನ್ ನಿಜವಾಗಿ ಆರಂಭವಾಗಬೇಕಾದದ್ದು ಜೂನ್‌ನಲ್ಲಿ, ಮಳೆ ಹಿಡಿದಾಗ. ಏಪ್ರಿಲ್, ಮೇ ತಿಂಗಳುಗಳನ್ನು ಸೈಕಲ್ಲಿನಿಂದ ಬಿಡುವೆಂದು ಎಣಿಸಿ. 1997ರಿಂದ ಆ ದಿನಗಳು ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿಯವು, ನಿಮ್ಮಲ್ಲಿ ಆಡುವವರು ಖಂಡಿತ ಇರುತ್ತಾರೆ, ಮತ್ತು ಹಾಕಿಯ ನಿಂತು ಓಡುವ, ಓಡಿ ನಿಲ್ಲುವ ಆಟ ಕಾಲಿಗೆ ಒಳ್ಳೆಯದನ್ನೇ ಮಾಡುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಇಳಿಜಾರಿನ ಮಣ್ಣಿನ ದಾರಿಗೆ ಸೈಕಲ್ ಇಳಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನೆನೆದ ಕೆಂಪು ಮಣ್ಣಿನಲ್ಲಿ ಬ್ರೇಕ್ ಹಿಡಿದು ಇಳಿದ ಟೈರು ಗೀರು ಬಿಡುತ್ತದೆ, ಅದೇ ಗೀರಿನಲ್ಲಿ ನೀರು ಹರಿಯತೊಡಗುತ್ತದೆ, ಎರಡು ವಾರದಲ್ಲಿ ಅದು ಕೊರಕಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಬೆಟ್ಟಗಳು ಕುಸಿದದ್ದನ್ನು ಕಂಡ ನಮ್ಮ ಜನ ಇಳಿಜಾರಿನಲ್ಲಿ ಹೊಸ ನೀರಿನ ಜಾಡು ಕಂಡರೆ ಆತಂಕಪಡುತ್ತಾರೆ, ಆ ಆತಂಕ ನ್ಯಾಯವಾದದ್ದು. ಈ ಮೂರು ತಿಂಗಳು ವಾರದ ಮಧ್ಯೆ ಮನೆಯಲ್ಲಿ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವಂತೆ ಹಿಡಿದಿಡುವ ಸ್ಟ್ಯಾಂಡ್) ಮೇಲೆ ತುಳಿಯುವುದು, ಕಾಲು ಮತ್ತು ಸೊಂಟದ ಬಲಕ್ಕೆ ವ್ಯಾಯಾಮ ಮಾಡುವುದು, ಭಾನುವಾರ ದೂರದ ಸವಾರಿ, ಇಷ್ಟು ಸಾಕು. ಆ ದೂರದ ಸವಾರಿಗೆ ಸೈಕಲ್‌ಗಳನ್ನು ಪಿಕಪ್‌ನಲ್ಲಿ ಹಾಕಿಕೊಂಡು ಕುಶಾಲನಗರದಾಚೆ ಹೆಬ್ಬಾಲೆ, ಶಿರಂಗಾಲದ ಕಡೆಗೆ ಹೋಗಿ. ಭಾಗಮಂಡಲದಲ್ಲಿ ಮುಸಲಧಾರೆ ಸುರಿಯುತ್ತಿರುವ ದಿನವೂ ಅಲ್ಲಿ ಬರೀ ತುಂತುರು ಇರುವುದುಂಟು. ಉಸಿರು ಕಟ್ಟದೆ ಮಾತನಾಡಬಹುದಾದ ವೇಗದಲ್ಲಿ ಮೂರು ಗಂಟೆ ತುಳಿಯಿರಿ. ಮೂರು ವಾರ ಅಭ್ಯಾಸದ ಪ್ರಮಾಣ ಏರಿಸಿ, ನಾಲ್ಕನೆಯ ವಾರ ಅರ್ಧಕ್ಕೆ ಇಳಿಸುವ ಕ್ರಮವನ್ನು ತಪ್ಪಿಸಬೇಡಿ, ಏಕೆಂದರೆ ದೇಹ ಬಲಗೊಳ್ಳುವುದು ಆ ಇಳಿಸಿದ ವಾರದಲ್ಲಿಯೇ.

ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಮುಗಿದ ಮೇಲೆ, ಸೆಪ್ಟೆಂಬರ್ ಮಧ್ಯದಿಂದ, ರಭಸದ ಅಭ್ಯಾಸ ಶುರುಮಾಡಿ. ನಾಲ್ಕೈದು ನಿಮಿಷದ ಏರನ್ನು ಪೂರ್ತಿ ಬಲದಿಂದ ಹತ್ತಿ, ಅಷ್ಟೇ ಹೊತ್ತು ಸುಧಾರಿಸಿಕೊಂಡು ಮತ್ತೆ ಹತ್ತುವುದು ಒಂದು ಬಗೆ. ಇನ್ನೊಂದು ಬಗೆಯನ್ನು ನಮ್ಮವರು ಮಾಡುವುದೇ ಇಲ್ಲ: ನಿಂತ ಜಾಗದಿಂದ ಒಂದು ನಿಮಿಷ ಸರ್ವಶಕ್ತಿ ಹಾಕಿ ಹೊರಟು, ಉಸಿರು ಏರಿರುವಾಗಲೇ ವೇಗವನ್ನು ಹದಕ್ಕೆ ತರುವುದು. ಕ್ರಾಸ್ ಕಂಟ್ರಿ ರೇಸಿನಲ್ಲಿ ಸುತ್ತು ಸಾಮಾನ್ಯವಾಗಿ ನಾಲ್ಕರಿಂದ ಆರು ಕಿಲೋಮೀಟರ್ ಇರುತ್ತದೆ, ಆರಂಭದ ಅಗಲ ದಾರಿ ಬೇಗ ಮುಗಿದು ಒಬ್ಬರೇ ಹೋಗುವಷ್ಟು ಕಿರಿದಾಗುತ್ತದೆ, ಆ ಕಿರುದಾರಿಯೊಳಗೆ ನೀವು ಹಿಂದೆ ಸಿಕ್ಕಿಬಿದ್ದರೆ ಮುಂದಿನವರು ಎಡವಿದಾಗಲೆಲ್ಲ ನೀವೂ ಇಳಿದು ನಿಲ್ಲಬೇಕಾಗುತ್ತದೆ. ಹೊಸಬರನ್ನು ಹಿಂದಿನ ಸಾಲಿನಲ್ಲಿಯೇ ನಿಲ್ಲಿಸುವುದರಿಂದ ಈ ಒಂದು ನಿಮಿಷದ ಅಭ್ಯಾಸ ನಿಮಗೆ ಇನ್ನೂ ಅಗತ್ಯ.

ಕೊಡಗಿನ ಸವಾರರಿಗೆ ಏರು ಹತ್ತುವ ಶಕ್ತಿ ಇರುತ್ತದೆ, ಬೇರು ಮತ್ತು ಕೆಸರಿನಲ್ಲಿ ಸಮತೋಲನವೂ ಚೆನ್ನಾಗಿರುತ್ತದೆ. ಆದರೆ ಗದಗ, ಬಾಗಲಕೋಟೆ, ವಿಜಯಪುರದ ಹುಡುಗ ಹುಡುಗಿಯರು ಅಭ್ಯಾಸ ಮಾಡುವುದು ಬಿಸಿಲಿನಲ್ಲಿ, ಸಡಿಲ ಕಲ್ಲು ಹರಡಿದ ಒಣ ನೆಲದ ಮೇಲೆ. ಅಲ್ಲಿ ತಿರುವಿನಲ್ಲಿ ಟೈರು ಜಾರುತ್ತದೆ, ಚಪ್ಪಟೆ ನೆಲದಲ್ಲಿ ಪೆಡಲ್ ಬಿಡುವಂತೆಯೇ ಇಲ್ಲ, ಮರದ ನೆರಳು ಎಲ್ಲಿಯೂ ಸಿಗುವುದಿಲ್ಲ. ರಾಜ್ಯದ ಸೈಕ್ಲಿಂಗ್ ಬಲದ ದೊಡ್ಡ ಪಾಲು ಆ ಕಡೆಯ ಜಿಲ್ಲೆಗಳಲ್ಲಿ ಇರುವುದರಿಂದ ನೀವು ಎದುರಿಸಬೇಕಾದದ್ದು ಹೆಚ್ಚಾಗಿ ಅವರನ್ನೇ. ಅಕ್ಟೋಬರ್ ಕೊನೆಯಿಂದ ವಾರಕ್ಕೊಮ್ಮೆಯಾದರೂ ಅದೇ ಶಿರಂಗಾಲದ ಕಡೆಯ ಒಣ ನೆಲದಲ್ಲಿ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ತಿರುವು ತೆಗೆದುಕೊಳ್ಳುವುದನ್ನು ರೂಢಿಮಾಡಿ. ಬಿಸಿಲಿಗೆ ದೇಹ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ತಂಪಿನಿಂದ ನೇರವಾಗಿ ಹೋಗಿ ಅಲ್ಲಿ ಗೆಲ್ಲಲಾಗದು.

ಇನ್ನು ದಾರಿಗಳ ವಿಷಯ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಜೀವಿಧಾಮಗಳ ಒಳಗೂ ನಾಗರಹೊಳೆಯ ಒಳಗೂ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ದೇವರಕಾಡುಗಳಿಗೆ ಸೈಕಲ್ ಒಯ್ಯುವುದೇ ಬೇಡ, ಹಳೆಯ ಕಡಂಗಗಳ (ಹಿಂದಿನ ಕಾಲದ ರಕ್ಷಣಾ ಕಂದಕಗಳ) ಅಂಚನ್ನು ಹತ್ತಿ ಇಳಿದು ಕೆಡವುವುದೂ ಬೇಡ. ಹಾಗಾದರೆ ಉಳಿಯುವುದು ತೋಟದ ರಸ್ತೆಗಳು, ಮತ್ತು ನಿಜ ಹೇಳಬೇಕೆಂದರೆ ಅವು ಎಂಟಿಬಿ ಅಭ್ಯಾಸಕ್ಕೆ ಬಹಳ ಒಳ್ಳೆಯವು. ತೋಟದವರನ್ನು ಮುಖತಃ ಕಂಡು ಕೇಳಿ, ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೂ ತಿಳಿಸಿ. ಕೊಯ್ಲಿನ ದಿನಗಳಲ್ಲಿ ಕೆಲಸಗಾರರು ಮೂಟೆ ಹೊತ್ತು ಬರುತ್ತಿದ್ದರೆ ಇಳಿದು ದಾರಿ ಬಿಡಿ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂವಿಗಾಗಿ ನೀರು ಹಾಯಿಸುವಾಗ ಸ್ಪ್ರಿಂಕ್ಲರ್ ಪೈಪುಗಳು ರಸ್ತೆಗೆ ಅಡ್ಡ ಬಿದ್ದಿರುತ್ತವೆ; ಅವುಗಳ ಮೇಲೆ ಹತ್ತಿಸದೆ ಸೈಕಲ್ ಎತ್ತಿ ದಾಟಿ.

ಆನೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ತಿತಿಮತಿ, ಮಾಲ್ದಾರೆ, ಸಿದ್ದಾಪುರ, ಚೆಟ್ಟಳ್ಳಿ ಸುತ್ತಿನ ತೋಟಗಳಲ್ಲಿ ಹಗಲೂ ಆನೆ ನಿಂತಿರುತ್ತದೆ. ಸೈಕಲ್ ಜೀಪಿನಂತೆ ಸದ್ದು ಮಾಡುವುದಿಲ್ಲ, ಆದರೆ ನಡೆಯುವವನಿಗಿಂತ ವೇಗವಾಗಿ ಬರುತ್ತದೆ, ಹೀಗಾಗಿ ತಿರುವಿನಲ್ಲಿ ಆನೆಗೂ ನಿಮಗೂ ಏಕಕಾಲಕ್ಕೆ ಆಘಾತವಾಗುತ್ತದೆ. ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಸಂಜೆ ಐದರೊಳಗೆ ಡಾಂಬರು ರಸ್ತೆಗೆ ಮರಳಿ, ಒಬ್ಬರೇ ಹೋಗಬೇಡಿ, ಹ್ಯಾಂಡಲ್‌ಗೆ ಗಟ್ಟಿ ಸದ್ದಿನ ಗಂಟೆ ಕಟ್ಟಿ, ಹೊರಡುವ ಮುನ್ನ ಆ ದಿನ ಆನೆ ಎಲ್ಲಿದೆ ಎಂದು ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರನ್ನು ವಿಚಾರಿಸಿ. ಅವರಿಗೆ ಗೊತ್ತಿರುತ್ತದೆ.

ಸೈಕಲ್ ಬದಲಿಸುವ ಅಗತ್ಯವಿಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್‌ನಲ್ಲಿಯೇ ಮೊದಲ ಸೀಸನ್ ಮುಗಿಸಿ. ಹಣವಿದ್ದರೆ ಟೈರುಗಳನ್ನು ಟ್ಯೂಬ್‌ಲೆಸ್ ಮಾಡಿಸಿ, ಬೇರಾವುದಕ್ಕೂ ಇಷ್ಟು ಫಲವಿಲ್ಲ. ಅರುವತ್ತೈದು ಎಪ್ಪತ್ತು ಕಿಲೋ ತೂಕದವರು ಎರಡೂಕಾಲು ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಮುಂದೆ 20–22, ಹಿಂದೆ 22–25 ಪಿಎಸ್‌ಐ ಗಾಳಿಯಿಂದ ಆರಂಭಿಸಬಹುದು. ಚೂಪು ಕಲ್ಲಿನ ದಾರಿಯಾದರೆ ಎರಡು ಮೂರು ಪಿಎಸ್‌ಐ ಏರಿಸಬೇಕು. ನಮ್ಮ ಸೆಕೆಗೆ ಸೀಲಂಟ್ (ಟೈರಿನೊಳಗೆ ಹಾಕುವ, ಸಣ್ಣ ತೂತು ಮುಚ್ಚುವ ದ್ರವ) ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ಹಾಕಿ. ಕೆಸರಿನಲ್ಲಿ ಸಾದಾ ರೆಸಿನ್ ಬ್ರೇಕ್ ಪ್ಯಾಡ್‌ಗಳು ಬಹಳ ಬೇಗ ಸವೆಯುತ್ತವೆ, ಲೋಹದ ಪ್ಯಾಡ್‌ಗಳು ಸ್ವಲ್ಪ ಕಿರುಚಿದರೂ ಬಾಳುತ್ತವೆ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ ಮಾತ್ರ; ಕಾರು, ಬೈಕುಗಳಿಗೆ ಹಾಕುವ ಡಾಟ್ ಬ್ರೇಕ್ ದ್ರವ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಕೆಟ್ಟುಹೋಗುತ್ತವೆ. ಸವಾರಿ ಮುಗಿಸಿ ಬಂದು ಬೋರ್ಡೋ ಔಷಧ ಸಿಂಪಡಿಸುವ ಪವರ್ ಸ್ಪ್ರೇಯರ್‌ನಿಂದ ಸೈಕಲ್ ತೊಳೆಯುವ ಅಭ್ಯಾಸ ತೋಟದ ಮನೆಗಳಲ್ಲಿ ಇದೆ. ಆ ಒತ್ತಡದ ನೀರು ಬೇರಿಂಗ್‌ಗಳ ಒಳಗೆ ಕೆಸರನ್ನೇ ನುಗ್ಗಿಸುತ್ತದೆ. ಬಕೆಟ್, ಬ್ರಷ್, ಒಣ ಬಟ್ಟೆ ಸಾಕು. ಚೈನು ಪೂರ್ತಿ ಒಣಗಿದ ಮೇಲೆ ಎಣ್ಣೆ ಬಿಡಿ.

ತಂಡದ ನಿಧಿಯನ್ನು ಜೆರ್ಸಿಗೆ ಮುಗಿಸಬೇಡಿ. ಜಿಲ್ಲೆಗೆ ರೈಲಿಲ್ಲ, ಪಿಕಪ್‌ನ ಡೀಸೆಲ್ಲೇ ದೊಡ್ಡ ಖರ್ಚು. ಉಳಿದದ್ದರಲ್ಲಿ ಪ್ರತಿ ಸೈಕಲ್‌ಗೂ ಹೊಂದುವ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಸಾಧನವನ್ನು ಫ್ರೇಮಿಗೆ ಹಿಡಿದಿಡುವ ತುಂಡು), ತುಂಡಾದ ಚೈನನ್ನು ಜೋಡಿಸುವ ಕ್ವಿಕ್ ಲಿಂಕ್, ಟೈರು ತೂತಿಗೆ ಪ್ಲಗ್, ಒಂದು ಒಳ್ಳೆಯ ಪಂಪು ಕೊಳ್ಳಿ. ಹ್ಯಾಂಗರ್ ಒಂದೊಂದು ಮಾದರಿಗೆ ಒಂದೊಂದು ಆಕಾರದ್ದಾಗಿರುವುದರಿಂದ ರೇಸಿನ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ.

ರೇಸಿಗೆ ಎರಡು ದಿನ ಮೊದಲೇ ಊರು ತಲುಪಿ, ಹಿಂದಿನ ದಿನ ಸುತ್ತನ್ನು ನಿಧಾನವಾಗಿ ಮೂರು ಸಲ ನೋಡಿ, ಕಷ್ಟದ ಜಾಗವನ್ನು ಒಮ್ಮೆ ನಡೆದೂ ನೋಡಿ. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದಂತೆ ನಡೆಯುವ ಕ್ರಾಸ್ ಕಂಟ್ರಿಯಲ್ಲಿ ಸೈಕಲ್ ಬದಲಿಸುವಂತಿಲ್ಲ, ನೀರು ಆಹಾರವನ್ನು ಗುರುತಿಸಿದ ಜಾಗದಲ್ಲಿ ಮಾತ್ರ ಕೊಡಬೇಕು, ಆದ್ದರಿಂದ ಸ್ಪರ್ಧೆಯಿಲ್ಲದ ಒಬ್ಬರನ್ನು ಬಾಟಲಿ ಹಿಡಿದು ಅಲ್ಲಿ ನಿಲ್ಲಿಸಿ. ಗಂಟೆಗೆ ಅರುವತ್ತು ಗ್ರಾಂನಷ್ಟು ಸಕ್ಕರೆಯ ಅಂಶ ಹೊಟ್ಟೆಗೆ ಬೀಳಬೇಕು. ಇದನ್ನು ಅಭ್ಯಾಸದಲ್ಲಿಯೇ ರೂಢಿಸಿಕೊಳ್ಳದಿದ್ದರೆ ರೇಸಿನಲ್ಲಿ ಹೊಟ್ಟೆ ತೊಳಸುತ್ತದೆ. ಇನ್ನೊಂದು ನಿಯಮ ಹೊಸಬರನ್ನು ಕಂಗೆಡಿಸುತ್ತದೆ. ಮುಂಚೂಣಿಯವರ ಮೊದಲ ಸುತ್ತಿನ ಸಮಯದ ಶೇಕಡಾ 80ಕ್ಕಿಂತ ಹೆಚ್ಚು ಹಿಂದುಳಿದವರನ್ನು ಅಧಿಕಾರಿಗಳು ಸುತ್ತಿನಿಂದ ಹೊರಗೆ ತೆಗೆಯುತ್ತಾರೆ. ಅವರ ಸುತ್ತು ಹದಿನೈದು ನಿಮಿಷವಾದರೆ ನಿಮಗಿರುವ ಅಂತರ ಹನ್ನೆರಡು ನಿಮಿಷ. ಇದು ಅನರ್ಹತೆ ಅಲ್ಲ, ಫಲಿತಾಂಶದ ಪಟ್ಟಿಯಲ್ಲಿ ನಿಮ್ಮ ಸ್ಥಾನ ಇರುತ್ತದೆ. ಮೊದಲ ರೇಸಿನಲ್ಲಿ ಎಷ್ಟು ಸುತ್ತು ಉಳಿದುಕೊಂಡಿರಿ ಎಂಬುದನ್ನೇ ಬರೆದಿಟ್ಟುಕೊಂಡು, ಮುಂದಿನದರಲ್ಲಿ ಒಂದು ಸುತ್ತು ಹೆಚ್ಚು ಉಳಿಯುವುದನ್ನು ಗುರಿಯಾಗಿಸಿಕೊಳ್ಳಿ.

ರಾಜ್ಯ ಆಯ್ಕೆಗೆ ಹೋಗುವ ವಿಚಾರವಿದ್ದರೆ ಕಾಲೇಜಿನ ಇಬ್ಬರ ಜನ್ಮ ದಿನಾಂಕದ ದಾಖಲೆಗಳನ್ನು ಈಗಲೇ ಸಿದ್ಧಮಾಡಿ ನೋಂದಣಿ ಮಾಡಿಸಿ, ವಯೋವರ್ಗವನ್ನು ಹುಟ್ಟಿದ ವರ್ಷದ ಮೇಲೆ ಲೆಕ್ಕ ಹಾಕುತ್ತಾರೆ. ನಿಮ್ಮ ಆರು ಸೈಕಲ್‌ಗಳ ಮಾದರಿ, ಚಕ್ರದ ಗಾತ್ರ ಮತ್ತು ಬ್ರೇಕಿನ ಬಗೆಯನ್ನು ಇಲ್ಲಿಯೇ ಬರೆದರೆ ಕೊಂಡಿಡಬೇಕಾದ ಬಿಡಿಭಾಗಗಳ ಪಟ್ಟಿಯನ್ನು ಮಾಡಿ ಕೊಡುತ್ತೇನೆ.