ಮಳ್ಯಾಗ ದಾಳಿಂಬ್ರಿ ಚಾಟ್ನಿ ಮಾಡಬ್ಯಾಡ್ರಿ

ಕುಷ್ಟಗಿ ಅಣ್ಣಾರ, ನೀವು ಹಾಕಿದ ದಾಳಿಂಬ್ರಿ ಗಿಡದ ಫೋಟೋ ನೋಡಿದೆ. ಜಿಟಿಜಿಟಿ ಮಳಿ ನಡದಾಗ ಹಿತ್ತಲದ ದಾಳಿಂಬ್ರಿ ಅಷ್ಟೂ ಒಂದ ಕತ್ರಿಲೆ ಚಾಟ್ನಿ ಮಾಡೀರಿ, ಅಂದ್ರ ಟೊಂಗಿ ಕತ್ತರಿಸೀರಿ. ಮರುದಿನ ಮಧ್ಯಾಹ್ನ ಕಾಪರ್ (ತಾಮ್ರದ ಔಷಧ), ಸ್ಟ್ರೆಪ್ಟೋಸೈಕ್ಲಿನ್ (ಆಂಟಿಬಯೋಟಿಕ್), ಹುಳದ ಎಣ್ಣಿ (ಕೀಟನಾಶಕ), 19:19:19 ಗೊಬ್ಬರ ಎಲ್ಲಾ ಒಂದ ಟ್ಯಾಂಕಿಗೆ ಸುರದು ಹೊಡದೀರಿ. ಈಗ ಎಲಿ ಮ್ಯಾಲ ಚುಕ್ಕಿ ಬಂದಾವ, ಮುಂದ ಯಾವ ಎಣ್ಣಿ ಅಂತ ಕೇಳೀರಿ. ಕೆಳಗ ಉತ್ತರ ಕೊಟ್ಟವರು ಒಬ್ಬೊಬ್ಬರು ಒಂದೊಂದು ಹೆಸರು ಬರದಾರ. ಹೊಸಾದು ಯಾವುದೂ ತರಬ್ಯಾಡ್ರಿ. ಮೊದಲು ಆ ಕತ್ರಿ ಕೆಳಗಿಡ್ರಿ.

ನಿಮ್ಮ ಫೋಟೋದಾಗ ಎರಡು ತ್ರಾಸು ಅದಾವ, ಎರಡನ್ನೂ ಒಂದ ಅಂತ ತಿಳದೀರಿ. ಎಲಿ ಅಂಚು ಸುಟ್ಟಂಗ ಆಗಿದ್ದು ರೋಗ ಅಲ್ಲ, ಬಿಸಿಲಾಗ ನಾಲ್ಕು ತರದ್ದು ಕಲಸಿ ಹೊಡದಿದ್ದಕ್ಕ ಎಲಿ ಸುಟ್ಟೈತಿ. ಕಪ್ಪು ಚುಕ್ಕಿ, ಸುತ್ತ ಹಳದಿ ಅಂಚು, ಬೆಳಕಿಗೆ ಹಿಡದ್ರ ಎಣ್ಣಿ ಬಿದ್ದಂಗ ಕಾಣೂದು, ಅದು ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗ. ನಮ್ಮ ತೋಟದಾಗೂ ಒಂದು ಮಳಿಗಾಲ ಹಿಂಗ ಆತು. ಮೊದಲನೇ ಸಾಲಿನ ಒಂದು ಗಿಡಕ್ಕ ಟೊಂಗಿ ಮ್ಯಾಲ ಎಲಿ ಹುಟ್ಟೂ ಗಂಟಿನ ಹತ್ರ ಕಪ್ಪು ಬಿದ್ದಿತ್ತು. ಅದನ್ನ ಕತ್ತರಿಸಿದ ಕತ್ರಿ ಹಂಗ ಸಾಲು ಹಿಡದು ಹೋತು, ರೋಗಾನೂ ಅದೇ ಸಾಲು ಹಿಡದು ಹೋತು. ಪಕ್ಕದ ಸಾಲು ಆಳು ಬರಲಿಲ್ಲ ಅಂತ ಕತ್ತರಿಸದ ಉಳದಿತ್ತು, ಅಲ್ಲಿ ಎಲ್ಲೋ ಒಂದೆರಡು ಚುಕ್ಕಿ ಅಷ್ಟ. ಕತ್ತರಿಸಿದ ಸಾಲಿನ್ಯಾಗ ಕಾಯಿ ನಿಂಬಿಕಾಯಿ ಗಾತ್ರ ಆಗೂದ್ರಾಗ ಚುಕ್ಕಿ ಬಿತ್ತು, ಆಮ್ಯಾಲ ಚುಕ್ಕಿ ಇದ್ದಲ್ಲೇ ಸೀಳು ಬಿಟ್ಟವು. ಕಾಯಿ ಹೋದ್ರ ಹೋಗಲಿ, ಗಂಟಿನ ಸುತ್ತ ರೋಗ ಉಂಗುರ ತಿರಗಿದ ಟೊಂಗಿ ಗಾಳಿಗೆ ಪಟಪಟ ಮುರದು ಬಿದ್ದವು. ಎರಡು ವರ್ಷದ ಬೆಳವಣಗಿ ಅಲ್ಲೇ ಹೋತು.

ಈ ರೋಗಾಣು ಗಾಯದಾಗಿಂದ ಒಳಗ ಹೋಗ್ತೈತಿ, ಮಳಿ ಹನಿ ಸಿಡದು ಒಂದು ಗಿಡದಿಂದ ಇನ್ನೊಂದಕ್ಕ ಹಾರ್ತೈತಿ. ಮಳ್ಯಾಗ ಚಾಟ್ನಿ ಅಂದ್ರ ಗಾಯಾನೂ ನೀವ ಮಾಡಿದ್ರಿ, ನೀರೂ ಮ್ಯಾಲಿಂದ ಬಂತು. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಸೆಪ್ಟೆಂಬರ್ ಮಳಿ ಜೋರು. ಅದಕ್ಕ ಹಸ್ತ ಬಹಾರ ಹಿಡೀರಿ, ಅಂದ್ರ ಮಳಿ ಮುಗದ ಮ್ಯಾಲ ಹೂ ಬಿಡಸೂ ಹಂಗಾಮು. ಗಿಡಕ್ಕ ಮೂರು ತಿಂಗಳು ವಿಶ್ರಾಂತಿ ಕೊಟ್ಟು, ಮಳಿ ಹಿಂದ ಸರದು ಬಿಸಿಲು ಬಿದ್ದ ಮ್ಯಾಲ ಅಕ್ಟೋಬರಿನ್ಯಾಗ ಚಾಟ್ನಿ ಮಾಡ್ರಿ. ಹಿತ್ತಲದ ನಾಲ್ಕು ಗಿಡಕ್ಕ ಬಹಾರ ಯಾಕ ಅನ್ನಬ್ಯಾಡ್ರಿ, ರೋಗಕ್ಕ ನಾಲ್ಕು ಗಿಡಾನೂ ಒಂದ, ನಾಲ್ಕೆಕರೆನೂ ಒಂದ.

ಕತ್ರಿ ಎರಡು ಇಟ್ಕೋರಿ. ಒಂದು ಕೈಯಾಗ, ಇನ್ನೊಂದು ಬಕೀಟಿನ್ಯಾಗ. ಗಿಡದಿಂದ ಗಿಡಕ್ಕ ಹೋಗೂವಾಗ ಅದಲಿ ಬದಲಿ. ಬಕೀಟಿಗೆ 1% ಸೋಡಿಯಂ ಹೈಪೋಕ್ಲೋರೈಟ್. ಬಾಟ್ಲಿ ಮ್ಯಾಲ 4% ಅಂತಿದ್ರ ಒಂದು ಪಾಲಿಗೆ ಮೂರು ಪಾಲು ನೀರು. ಸಂಜಿಗೆ ಕತ್ರಿ ತೊಳದು ಒರಸಿ, ತುಕ್ಕು ಹಿಡೀದಂಗ ಎಣ್ಣಿ ಹಚ್ರಿ, ಇಲ್ಲಾಂದ್ರ ತುಕ್ಕು ಹಿಡೀತೈತಿ. ರೋಗ ಬಿದ್ದ ಟೊಂಗಿ ಕಪ್ಪಿನ ಕೆಳಗ ಎರಡು ಇಂಚು ಬಿಟ್ಟು ಕತ್ತರಿಸ್ರಿ. ರೋಗದ ಗಿಡ ಕಡೀಗೆ ಇಡ್ರಿ, ಮೊದಲು ಚಲೋ ಗಿಡ ಮುಗೀಲಿ. ಬುಡದ ಚಿಗುರು, ನೀರು ಚಿಗುರು (ನೆಟ್ಟಗ ಜೋರಾಗಿ ಬೆಳಿಯೂದು) ತಗೀರಿ, ಆದ್ರ ತುದಿ ಎಲ್ಲಾ ಬೋಳಿಸಬ್ಯಾಡ್ರಿ, ಕಾಯಿ ಹಿಡಿಯೂದು ಹಳೇ ಟೊಂಗಿಯ ಗಿಡ್ಡ ಕಡ್ಡಿ ಮ್ಯಾಲ.

ಕತ್ತರಿಸಿದ ದಿನಾನ ಬೋರ್ಡೋ ಹೊಡೀರಿ, ಅಂದ್ರ ಮೈಲುತುತ್ತ ಸುಣ್ಣ ಕಲಸಿದ ನೀರು. ಇದರ ಬಗ್ಗೆ ನನಗ ಎರಡನೇ ಮಾತಿಲ್ಲ. 10 ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಕಲ್ಲುಸುಣ್ಣ. ಪ್ಯಾಕೆಟ್ಟಿನ್ಯಾಗ ಪುಡಿಯಾಗಿ ವರ್ಷಗಟ್ಟಲೆ ಕುಂತ ಸುಣ್ಣ ನಡಿಯೂದಿಲ್ಲ, ನೀರು ಹಾಕಿದ್ರ ಕುದಿಯೂ ಹರಳು ಬೇಕು. ಎರಡನ್ನೂ ಬ್ಯಾರೆ ಬ್ಯಾರೆ ಪ್ಲಾಸ್ಟಿಕ್ ಬಕೀಟಿನ್ಯಾಗ ಐದೈದು ಲೀಟರ್ ನೀರಿಗೆ ಕರಗಿಸ್ರಿ, ಕಬ್ಬಿಣದ ಪಾತ್ರಿ ಬ್ಯಾಡ. ಸುಣ್ಣದ ನೀರು ಆರಿದ ಮ್ಯಾಲ ಅದಕ್ಕ ತುತ್ತದ ನೀರು ಸಣ್ಣಗ ಹಾಕ್ಕೋತ ಕೋಲಿಲೆ ತಿರುವ್ರಿ. ಆಕಾಶದ ಬಣ್ಣ ಬರಬೇಕು. ಆಮ್ಯಾಲ ಉಜ್ಜಿ ಹೊಳಪು ಮಾಡಿದ ಕುಡಗೋಲು ಒಂದು ನಿಮಿಷ ಅದ್ದಿ ತಗೀರಿ. ಕೆಂಪಗ ತಾಮ್ರ ಹತ್ತಿದ್ರ ಸುಣ್ಣ ಸಾಲದು, ಇನ್ನೊಂದಿಷ್ಟು ಸುಣ್ಣದ ನೀರು ಹಾಕಿ ಮತ್ತ ನೋಡ್ರಿ. ಕುಡಗೋಲು ನೋಡದ ಹೊಡದ್ರ ಎಲಿ ಸುಡ್ತಾವ, ಆಮ್ಯಾಲ ಬೋರ್ಡೋ ಕೆಟ್ಟದ್ದು ಅಂತ ಊರೆಲ್ಲಾ ಹೇಳ್ಕೋತ ತಿರಗ್ತಾರ. ಸೋಸಿ ಅವತ್ತ ಮುಗಿಸ್ರಿ, ಉಳದದ್ದು ನಾಳೆಗೆ ಆಗೂದಿಲ್ಲ. ಅದಕ್ಕ ಬ್ಯಾರೆ ಏನೂ ಕಲಸಬ್ಯಾಡ್ರಿ. ದೊಡ್ಡ ಗಾಯಕ್ಕ ಬೋರ್ಡೋ ಮುಲಾಮು: 1 ಲೀಟರಿಗೆ ಮೈಲುತುತ್ತ, ಸುಣ್ಣ 100-100 ಗ್ರಾಂ, ಬ್ರಶ್ಶಿಲೆ ಹಚ್ಚಿ ಬುಡದಿಂದ ಎರಡು ಅಡಿ ಕಾಂಡಕ್ಕೂ ಬಳೀರಿ. ಕಣ್ಣಿಗೆ ಸಿಡೀದಂಗ ನೋಡ್ಕೋರಿ. ಹೂ ಕಾಯಿ ಇದ್ದಾಗ ಬೋರ್ಡೋ ಬ್ಯಾಡ.

ಬೋರ್ಡೋ ಮಾಡಾಕ ಟೈಮ್ ಇಲ್ಲಂದ್ರ ಬ್ಲೈಟಾಕ್ಸ್ (ಅಂಗಡ್ಯಾಗ ಸಿಗೂ ತಾಮ್ರದ ಪುಡಿ) ಲೀಟರಿಗೆ ಎರಡೂವರೆ ಗ್ರಾಂ. ಕೋಸೈಡ್ ಅನ್ನೂದೂ ತಾಮ್ರದ್ದ, ಆದ್ರ ದುಬಾರಿ, ನಾಲ್ಕು ಗಿಡಕ್ಕ ಬೇಕಾಗಿಲ್ಲ. ಅಂಗಡ್ಯಾಗ ದಾಳಿಂಬ್ರಿ ಕಿಟ್ ಅಂತ ಐದು ಬಾಟ್ಲಿ ಕೊಡ್ತಾರಲ್ಲ, ಅದು ಅವರ ಲಾಭಕ್ಕ. ಸ್ಟ್ರೆಪ್ಟೋಸೈಕ್ಲಿನ್ ಬಗ್ಗೆ ಖಡಕ್ ಆಗಿ ಹೇಳ್ತೀನಿ: ಅದನ್ನ ಬೆಳಿಗೆ ಹೊಡೀಬ್ಯಾಡ್ರಿ, 2024ರಿಂದ ಅದರ ಬಳಕೆ ನಿಲ್ಲಸಬೇಕು ಅಂತ ಕೇಂದ್ರ ಸರ್ಕಾರ 2021ರಾಗ ಕರಡು ಆದೇಶ ಹೊರಡಿಸಿತ್ತು. ಅದು ಮನುಷ್ಯರಿಗೂ ಬೇಕಾದ ಔಷಧ. ಹಳೇ ಸ್ಟಾಕ್ ಐತಿ ಅಂತ ಕೊಟ್ರ ವಾಪಸ್ ಕೊಡ್ರಿ.

ಎಣ್ಣಿ ಹೊಡಿಯೂ ಪಂಪಿನ ಬಗ್ಗೆನೂ ಒಂದು ಮಾತು. ಕಳೆನಾಶಕ ಹೊಡದ ಪಂಪ್ ಹಣ್ಣಿನ ಗಿಡಕ್ಕ ಮುಟ್ಟಿಸಬ್ಯಾಡ್ರಿ, ಎಷ್ಟ ತೊಳದ್ರೂ. 2,4-ಡಿ ಅನ್ನೂ ಕಳೆನಾಶಕ ಒಂದು ಚೂರು ಉಳದ್ರೂ ಚಿಗುರು ತಿರಿಚಿಕೊಂತಾವ. ಹೂ ಪೂರ್ತಿ ಬಿಟ್ಟಾಗ ಹುಳದ ಎಣ್ಣಿ ಬ್ಯಾಡ, ಜೇನು ಸಾಯ್ತಾವ. ನಿಂಬಿಗೂ ಕತ್ರಿ ಇದೇ ತರ ಅದ್ದಿ ತಗೀರಿ, ನಿಂಬಿ ಕಜ್ಜಿನೂ ದುಂಡಾಣು ರೋಗಾನ. ಎಲಿ ಒಳಗ ಸುರಂಗ ಕೊರಿಯೂ ಹುಳದ ಗಾಯದಾಗಿಂದ ಅದು ಒಳಗ ಹೊಕ್ಕೈತಿ, ಆ ಹುಳ ಹಿಡದ್ರ ಕಜ್ಜಿನೂ ಕಡಿಮಿ.

ನೀವು ಸದ್ಯಕ್ಕ ಕತ್ತರಿಸಿ ಬಿಟ್ಟ ಟೊಂಗಿ, ಬಿದ್ದ ಎಲಿ ಪೂರಾ ಆರಿಸಿ ಹಿತ್ತಲದಿಂದ ಹೊರಗ ಸುಡ್ರಿ, ತಿಪ್ಪಿಗೆ ಹಾಕಬ್ಯಾಡ್ರಿ. ಎಲಿ ಒಣಗಿದ ದಿನ ಸಂಜಿಗೆ ಬರೀ ಕಾಪರ್ ಒಂದ ಹೊಡೀರಿ. ಅನುಮಾನ ಇದ್ರ ಒಂದು ಟೊಂಗಿ ಕವರಿನ್ಯಾಗ ಕಟ್ಕೊಂಡು ಮುನಿರಾಬಾದ್ ತೋಟಗಾರಿಕೆ ಕಾಲೇಜಿಗೆ ಹೋಗಿ ತೋರಿಸ್ರಿ. ಮುಂದಿನ ಸಲ ಗಿಡದ ಪೂರ್ತಿ ಫೋಟೋ ಬ್ಯಾಡ, ಗಂಟಿನ ಹತ್ರದ್ದು ಮತ್ತ ಎಲಿ ಬೆಳಕಿಗೆ ಹಿಡದದ್ದು ಹಾಕ್ರಿ, ನೋಡಿ ಹೇಳ್ತೀನಿ.