ಮ್ಯಾನೇಜ್‌ಮೆಂಟ್ ಸೀಟು, ಸ್ಕಾಲರ್‌ಶಿಪ್, ಸಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಿಇಟಿ ಫಲಿತಾಂಶ ಬಂದ ಮರುದಿನದಿಂದ ನನಗೆ ಬರುವ ಪತ್ರಗಳಲ್ಲಿ ಹೆಸರು ಮತ್ತು ಊರು ಬದಲಾಗುತ್ತವೆಯೇ ಹೊರತು ಪ್ರಶ್ನೆ ಬದಲಾಗುವುದಿಲ್ಲ. ಕಲಬುರಗಿ ಮತ್ತು ಬೀದರ್ ಜಿಲ್ಲೆಗಳ ಬ್ಯಾಂಕ್ ಶಾಖೆಗಳಲ್ಲಿ ಶಿಕ್ಷಣ ಸಾಲದ ಕಡತಗಳನ್ನು ನೋಡುತ್ತಲೇ ನಿವೃತ್ತನಾದವನು ನಾನು. ಆದಾಯ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ, ಸ್ಕಾಲರ್‌ಶಿಪ್ ಅರ್ಜಿಯನ್ನು ಯಾವ ಜಾಲತಾಣದಲ್ಲಿ ಹಾಕಬೇಕು ಎಂಬಂಥವಕ್ಕೆ ಇಲ್ಲಿ ಉತ್ತರವಿಲ್ಲ. ಅವನ್ನು ನಾಡಕಚೇರಿಯಲ್ಲಿ ಅಥವಾ ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ಕೇಳಬಹುದು.

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನ ರೈತ. ಐದು ಎಕರೆಯಲ್ಲಿ ತೊಗರಿ, ಹತ್ತಿ ಬೆಳೆಯುತ್ತೇನೆ. ಆದಾಯ ಪ್ರಮಾಣಪತ್ರದಲ್ಲಿ 1.8 ಲಕ್ಷ ರೂಪಾಯಿ ಎಂದಿದೆ. ಮಗನ ಸಿಇಟಿ ರ‍್ಯಾಂಕಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಸಿಗುವಂತಿದೆ. ಆದರೆ ಒಬ್ಬ ಏಜೆಂಟರು ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತಾರಂತೆ. ವರ್ಷಕ್ಕೆ 3 ಲಕ್ಷ ಶುಲ್ಕ, ಅದರಲ್ಲಿ 75 ಸಾವಿರ ‘ಸ್ಕಾಲರ್‌ಶಿಪ್’ ಕಳೆದು 2.25 ಲಕ್ಷ. ಶನಿವಾರದೊಳಗೆ 50 ಸಾವಿರ ಕಟ್ಟಬೇಕಂತೆ. ಎರಡು ಎಕರೆ ಮಾರಲೇ, ಬ್ಯಾಂಕ್ ಸಾಲ ಮಾಡಲೇ?

ಎರಡೂ ಬೇಡ. ಶನಿವಾರ ಕಳೆದುಹೋಗಲು ಬಿಡಿ.

ನೀವು ತೊಗರಿ ಮಾರಲು ಹೋದಾಗ ಅಡತಿ ಅಂಗಡಿಯ ಪಟ್ಟಿಯಲ್ಲಿ ಹಮಾಲಿ ಎಷ್ಟು, ತೂಕದ ಕೂಲಿ ಎಷ್ಟು, ಯಾವುದಕ್ಕೆ ಎಷ್ಟು ಹಿಡಿದಿದ್ದಾರೆ ಎಂದು ಒಂದೊಂದನ್ನೂ ಕೇಳುತ್ತೀರಿ. ಅದೇ ನೀವು ಮಗನ ಓದಿನ ವಿಷಯದಲ್ಲಿ ಅಪರಿಚಿತನೊಬ್ಬ ಬಾಯಿಮಾತಿನಲ್ಲಿ ಹೇಳಿದ ಮೂರು ಅಂಕಿಗಳನ್ನು ನಂಬಿ ಹೊಲ ಮಾರುವವರೆಗೆ ಬಂದಿದ್ದೀರಿ. ಮೊದಲು ಆ ‘ಸ್ಕಾಲರ್‌ಶಿಪ್’ ಎಂಬ ಮಾತನ್ನು ಬಿಡಿಸಿ ನೋಡೋಣ. ತಾನೇ ನಿಗದಿಪಡಿಸಿದ ಬೆಲೆಯನ್ನು ತಾನೇ ಇಳಿಸಿ ಹೇಳುವುದು ಬಟ್ಟೆ ಅಂಗಡಿಯ ರಿಯಾಯಿತಿಯಂಥದ್ದು. ಹೊರಗಿನಿಂದ ನಿಮ್ಮ ಖಾತೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಇಂಥ ರಿಯಾಯಿತಿ ಬಹಳಷ್ಟು ಸಲ ಮೊದಲ ವರ್ಷಕ್ಕೆ ಮಾತ್ರ ಇರುತ್ತದೆ, ಇಲ್ಲವೇ ಪ್ರತಿ ಸೆಮಿಸ್ಟರಿನಲ್ಲಿ ಇಷ್ಟು ಅಂಕ ಬರಲೇಬೇಕೆಂಬ ಷರತ್ತಿಗೆ ಒಳಪಟ್ಟಿರುತ್ತದೆ. ನಾಲ್ಕೂ ವರ್ಷ ಸಿಕ್ಕರೆ ನಿಮ್ಮ ಶುಲ್ಕ 9 ಲಕ್ಷ. ಒಂದೇ ವರ್ಷ ಸಿಕ್ಕರೆ 11.25 ಲಕ್ಷ. ಹಾಸ್ಟೆಲ್ ಮತ್ತು ಊಟಕ್ಕೆ ವರ್ಷಕ್ಕೆ 1.2 ಲಕ್ಷ ಎಂದು ಹಿಡಿದರೂ ಮೊತ್ತ 16 ಲಕ್ಷ ದಾಟುತ್ತದೆ. ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಪ್ಲೇಸ್‌ಮೆಂಟ್ ತರಬೇತಿಯ ಹೆಸರಿನ ವಸೂಲಿ, ಹಬ್ಬಕ್ಕೆ ಊರಿಗೆ ಬಂದು ಹೋಗುವ ಖರ್ಚು ಇನ್ನೂ ಇದರಲ್ಲಿ ಸೇರಿಲ್ಲ.

ಇಷ್ಟನ್ನು ಯಾರಾದರೂ ಕೂಡಿಸಿ ಹೇಳಬಹುದು. ಏಜೆಂಟರು ಹೇಳದೆ ಉಳಿಸುವ ಸಂಗತಿ ಬೇರೆಯೇ ಇದೆ: ಮ್ಯಾನೇಜ್‌ಮೆಂಟ್ ಸೀಟಿಗೆ, ಅಂದರೆ ಕಾಲೇಜಿನ ಆಡಳಿತ ಮಂಡಳಿಯೇ ತುಂಬಿಕೊಳ್ಳುವ ಸೀಟಿಗೆ, ಸಹಿ ಹಾಕಿದ ದಿನವೇ ನಿಮ್ಮಂಥ ಕುಟುಂಬಕ್ಕೆ ಸಿಗಬಹುದಾದ ನೆರವಿನ ಬಾಗಿಲುಗಳು ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಮುಚ್ಚಿಹೋಗುತ್ತವೆ. ಸರ್ಕಾರದ ಶುಲ್ಕ ಮರುಪಾವತಿ ಮ್ಯಾನೇಜ್‌ಮೆಂಟ್ ಕೋಟಾದ ಶುಲ್ಕಕ್ಕೆ ಅನ್ವಯಿಸುವುದಿಲ್ಲ. ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ನಿಗಮಗಳು ಶೇ 2ರ ದರದಲ್ಲಿ ಕೊಡುವ ‘ಅರಿವು’ ಸಾಲ ಸಿಇಟಿಯ ಮೂಲಕ ಸೀಟು ಪಡೆದವರಿಗಾಗಿ ಇರುವಂಥದ್ದು. ವಾರ್ಷಿಕ ಆದಾಯ 4.5 ಲಕ್ಷದೊಳಗಿರುವ ಕುಟುಂಬದ ವಿದ್ಯಾರ್ಥಿಯ ಶಿಕ್ಷಣ ಸಾಲಕ್ಕೆ ಓದಿನ ಅವಧಿ ಮತ್ತು ಅದರ ಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ; ಗುಣಮಟ್ಟ ಅಳೆಯುವ ಸಂಸ್ಥೆಗಳಾದ ನ್ಯಾಕ್‌ನಿಂದ ಕಾಲೇಜಿಗೆ ಅಥವಾ ಎನ್‌ಬಿಎಯಿಂದ ಕೋರ್ಸಿಗೆ ಮಾನ್ಯತೆ ಇರಬೇಕು, ಮತ್ತು ಅಲ್ಲಿಯೂ ಮ್ಯಾನೇಜ್‌ಮೆಂಟ್ ಕೋಟಾ ಹೊರಗೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಎಂಬ ಶಿಕ್ಷಣ ಸಾಲ ಯೋಜನೆಯಲ್ಲಿಯೂ ಇದೇ ನಿಯಮ. ಅಂದರೆ ನೀವು ಹೆಚ್ಚು ಶುಲ್ಕ ತೆರುವುದಲ್ಲದೆ, ಕಡಿಮೆ ಶುಲ್ಕಕ್ಕೆ ಸಿಗುತ್ತಿದ್ದ ಸಹಾಯವನ್ನೂ ಕೈಯಾರೆ ಬಿಟ್ಟುಕೊಡುತ್ತೀರಿ.

ಈಗ ಸಾಲದ ಲೆಕ್ಕ. ಸಾಲ ಕೊಡುವ ಕುರ್ಚಿಯಲ್ಲಿ ಬಹಳ ಕಾಲ ಕುಳಿತವನಾದ್ದರಿಂದ ನನಗೆ ಸಾಲದ ಬಗ್ಗೆ ಇತರರಿಗಿಂತ ಹೆಚ್ಚು ಭಯವಿದೆ, ಅದನ್ನು ಮುಚ್ಚಿಡುವುದಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ 6 ಲಕ್ಷ ಸಾಲ ಪಡೆದಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದುವ ನಾಲ್ಕು ವರ್ಷ ಮತ್ತು ಮುಂದಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಏರುತ್ತಲೇ ಇರುತ್ತದೆ. ಮೊದಲ ವರ್ಷ ಪಡೆದ ಹಣದ ಮೇಲೆ ಐದು ವರ್ಷಕ್ಕೆ 75 ಸಾವಿರ, ಎರಡನೆಯ ವರ್ಷದ್ದರ ಮೇಲೆ 60, ಮೂರನೆಯದರ ಮೇಲೆ 45, ನಾಲ್ಕನೆಯದರ ಮೇಲೆ 30 ಸಾವಿರ ಬಡ್ಡಿ ಸೇರಿ, ಮರುಪಾವತಿ ಆರಂಭವಾಗುವ ದಿನ ಸಾಲ 8.1 ಲಕ್ಷವಾಗಿರುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 10,700 ರೂಪಾಯಿ. ಬಡ್ಡಿ ಸಹಾಯಧನ ಸಿಕ್ಕಿದ್ದರೆ ಅದೇ ಕಂತು ಸುಮಾರು 7,900 ಆಗುತ್ತಿತ್ತು. ತಿಂಗಳಿಗೆ ಈ 2,800 ರೂಪಾಯಿ, ಹತ್ತು ವರ್ಷ, ಬರೀ ಸೀಟಿನ ಬಗೆಯಿಂದಾಗಿ ಹೋಗುವ ಹಣ.

4 ಲಕ್ಷದವರೆಗೆ ಬ್ಯಾಂಕುಗಳು ಅಡಮಾನವನ್ನಾಗಲಿ ಹೊರಗಿನ ಜಾಮೀನನ್ನಾಗಲಿ ಕೇಳುವುದಿಲ್ಲ, 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯನ್ನು ಅಡವಿಡಬೇಕಾಗುತ್ತದೆ. ಅಲ್ಲಿಗೆ ಹೊಲ ಮಾರದಿದ್ದರೂ ನಿಮ್ಮ ಆಸ್ತಿಯ ಪತ್ರಗಳು ಬ್ಯಾಂಕಿನ ಕಪಾಟು ಸೇರಿದಂತೆಯೇ.

ಇನ್ನು ರಸೀದಿ ಇಲ್ಲದ ‘ಡೊನೇಷನ್’. ಚಿಂಚೋಳಿ ಕಡೆಯ ತಂದೆಯೊಬ್ಬರು ನನ್ನ ಮೇಜಿನ ಮುಂದೆ ಒಂದು ಚೀಟಿ ಇಟ್ಟಿದ್ದರು. ಅದರಲ್ಲಿ ಪೆನ್ಸಿಲ್‌ನಿಂದ ಒಂದು ಮೊತ್ತ ಬರೆದಿತ್ತು, ಕಾಲೇಜಿನ ಹೆಸರಾಗಲಿ ಮೊಹರಾಗಲಿ ಇರಲಿಲ್ಲ. ಅಷ್ಟು ಹಣವನ್ನು ಅವರು ಆಗಲೇ ನಗದಾಗಿ ಕೊಟ್ಟಾಗಿತ್ತು. ಉಳಿದ ಶುಲ್ಕಕ್ಕಾದರೂ ಸಾಲ ಬೇಕೆಂದು ಬಂದಿದ್ದರು. ಕಾಲೇಜಿನ ಅಧಿಕೃತ ಶುಲ್ಕಪಟ್ಟಿ ಇಲ್ಲದೆ ಬ್ಯಾಂಕ್ ಏನನ್ನೂ ಮಂಜೂರು ಮಾಡಲಾರದು, ಡೊನೇಷನ್ ಅಂತೂ ಸಾಲದ ಲೆಕ್ಕಕ್ಕೆ ಬರುವುದೇ ಇಲ್ಲ. ಅವರಿಗೆ ನಾನು ಏನೂ ಮಾಡಲಾಗಲಿಲ್ಲ. ಹೀಗೆ ಹಣ ಕೀಳುವುದನ್ನು ನಮ್ಮ ರಾಜ್ಯ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯಿಂದಲೇ ಅಪರಾಧವೆಂದು ಸಾರಿದೆ. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಪಿಡುಗನ್ನು ಕಟುವಾಗಿ ಟೀಕಿಸಿದಾಗ ಎದುರು ಪಕ್ಷವಾಗಿದ್ದುದು ಕರ್ನಾಟಕ ರಾಜ್ಯವೇ. ಅಷ್ಟಾಗಿಯೂ ಏಜೆಂಟರು ಇಂದಿಗೂ ಪೆನ್ಸಿಲ್ ಹಿಡಿದು ಓಡಾಡುತ್ತಿದ್ದಾರೆ.

ಹಾಗಾದರೆ ಮಗ ಏನು ಮಾಡಬೇಕು? ಸಿಇಟಿಯ ಆಯ್ಕೆಪಟ್ಟಿಯಲ್ಲಿ ಕಲಬುರಗಿ, ಬೀದರ್, ಭಾಲ್ಕಿಯ ಕಾಲೇಜುಗಳನ್ನು ನಾಚಿಕೆಯಿಲ್ಲದೆ ನಮೂದಿಸಲಿ. ಅನುದಾನಿತ ವಿಭಾಗದ ಸೀಟು ಸಿಕ್ಕರೆ ಶುಲ್ಕ ಇನ್ನೂ ಕಡಿಮೆ. ಸೂಪರ್‌ನ್ಯೂಮರರಿ ಅಥವಾ ಎಸ್‌ಎನ್‌ಕ್ಯೂ ಎಂಬ ಸೀಟುಗಳನ್ನು ಕೇಳುವವರೇ ಕಡಿಮೆ: ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿಯಾಗಿ, 8 ಲಕ್ಷದೊಳಗಿನ ಆದಾಯದ ಕುಟುಂಬದವರಿಗೆ, ರ‍್ಯಾಂಕಿನ ಪ್ರಕಾರ ಕೊಡುತ್ತಾರೆ. ಬೋಧನಾ ಶುಲ್ಕ ಮಾತ್ರ ಮನ್ನಾ, ಉಳಿದುದನ್ನು ಕಟ್ಟಬೇಕು. ಮಗಳಾಗಿದ್ದರೆ ತಾಂತ್ರಿಕ ಶಿಕ್ಷಣದ ಪರಿಷತ್ತಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿಸುತ್ತಿದ್ದೆ. ಆಯ್ಕೆಯಾದರೆ ವರ್ಷಕ್ಕೆ 50 ಸಾವಿರ. ಕಂಪ್ಯೂಟರ್ ಸೈನ್ಸ್ ಓದದವನಿಗೆ ಕೆಲಸವೇ ಸಿಗುವುದಿಲ್ಲ ಎಂಬ ಭಯವನ್ನು ನಿಮಗೆ ಹುಟ್ಟಿಸಿದವರು ಯಾರೆಂದು ಒಮ್ಮೆ ನೆನಪು ಮಾಡಿಕೊಳ್ಳಿ. ಬಹುಶಃ ಅದೇ ಏಜೆಂಟರು. ಇಷ್ಟಾದ ಮೇಲೂ ಬೆಂಗಳೂರೇ ಬೇಕೆಂದಾದರೆ, ನಾಲ್ಕೂ ವರ್ಷದ ಪ್ರತಿಯೊಂದು ಶುಲ್ಕ, ರಿಯಾಯಿತಿಯ ಅವಧಿ ಮತ್ತು ಷರತ್ತು, ಇಷ್ಟನ್ನು ಕಾಲೇಜಿನ ಮೊಹರಿರುವ ಕಾಗದದಲ್ಲಿ ಕೇಳಿ. ಕೊಡದವರಿಗೆ ಹಣವನ್ನೂ ಕೊಡಬೇಡಿ.

ಪ್ರಶ್ನೆ: ನಮ್ಮ ಬಳಿ 371(ಜೆ) ಅರ್ಹತಾ ಪ್ರಮಾಣಪತ್ರವಿದೆ. ಖಾಸಗಿ ಕಾಲೇಜಿನಲ್ಲಿ ಅರ್ಧ ಶುಲ್ಕ ಎಂದು ಹೇಳುತ್ತಾರೆ, ನಿಜವೇ? (ಹುಮನಾಬಾದ್)

ಸುಳ್ಳು. ಅದು ಕಲ್ಯಾಣ ಕರ್ನಾಟಕದವರಿಗಿರುವ ಸೀಟಿನ ಮೀಸಲಾತಿಗೆ ಸಂಬಂಧಿಸಿದ್ದು, ಶುಲ್ಕಕ್ಕಲ್ಲ.

ಪ್ರಶ್ನೆ: ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ತೋರಿಸುತ್ತಿದೆ, ಖಾತೆಗೆ ಹಣ ಬಂದಿಲ್ಲ. (ಆಳಂದ)

ಪಾಸ್‌ಬುಕ್ಕಿಗೆ ಆಧಾರ್ ಜೋಡಿಸಿದರೆ ಸಾಲದು. ನೇರ ಹಣ ವರ್ಗಾವಣೆಗಾಗಿ ಆಧಾರ್ ಸಂಖ್ಯೆಯ ಎದುರು ಯಾವ ಖಾತೆ ನಮೂದಾಗಿದೆ (ಮ್ಯಾಪ್ ಆಗಿದೆ) ಎಂದು ಬ್ಯಾಂಕಿನಲ್ಲಿ ಕೇಳಿ. ಮರೆತುಹೋದ ಹಳೆಯ ಖಾತೆಯೊಂದರಲ್ಲಿ ನಿಮ್ಮ ಹಣ ಸುಮ್ಮನೆ ಕುಳಿತಿರಬಹುದು.

ಪ್ರಶ್ನೆ: ಬಿ.ಎಸ್ಸಿ.ಗೆ ಸೇರಿದ ಮಗಳು ಬೇರೆಡೆ ಸೀಟು ಸಿಕ್ಕಿದ್ದರಿಂದ ಬಿಡುತ್ತಿದ್ದಾಳೆ. ಕಾಲೇಜಿನವರು ಶುಲ್ಕವನ್ನೂ ಮೂಲ ಅಂಕಪಟ್ಟಿಯನ್ನೂ ಕೊಡುತ್ತಿಲ್ಲ. (ಕಲಬುರಗಿ)

ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವ ಅಧಿಕಾರ ಅವರಿಗಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಗರಿಷ್ಠ 5,000 ರೂಪಾಯಿ ಕಳೆದು ಉಳಿದುದೆಲ್ಲ ವಾಪಸು. ಕೊನೆಯ 15 ದಿನಗಳೊಳಗಾದರೆ ಶೇ 90, ದಿನಾಂಕ ಮುಗಿದ 15 ದಿನಗಳೊಳಗೆ ಶೇ 80, ತಿಂಗಳೊಳಗೆ ಶೇ 50, ಆಮೇಲೆ ಏನೂ ಇಲ್ಲ. ಫೋನಿನಲ್ಲಿ ವಾದಿಸುತ್ತ ದಿನ ಕಳೆಯಬೇಡಿ. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಆದಾಯವನ್ನು ಕಡಿಮೆ ತೋರಿಸಿ ಪ್ರಮಾಣಪತ್ರ ಮಾಡಿಸಿಕೊಡುವವರು ಇದ್ದಾರೆ. ಮಾಡಿಸಬಹುದೇ? (ಬೀದರ್)

ಇಂಥದ್ದನ್ನು ನನಗೆ ಬರೆಯಬೇಡಿ.

ಪ್ರಶ್ನೆ: ಶಿಕ್ಷಣ ಸಾಲ ಒಂದಲ್ಲ ಒಂದು ದಿನ ಮನ್ನಾ ಆಗುತ್ತದೆ, ಕಂತು ಕಟ್ಟದಿರುವುದೇ ಲೇಸು ಎಂದು ಪಕ್ಕದ ಮನೆಯವರು ಹೇಳುತ್ತಾರೆ. (ಸುರಪುರ)

ಪಕ್ಕದ ಮನೆಯವರು ನಿಮ್ಮ ಸಾಲಪತ್ರಕ್ಕೆ ಸಹಿ ಹಾಕಿಲ್ಲ. ಮಗನ ಜೊತೆ ಸಹ ಸಾಲಗಾರರಾಗಿ ಸಹಿ ಹಾಕಿದವರು ನೀವು. ಕಂತು ತಪ್ಪಿದರೆ ಸಾಲ ತೀರಿಸಿದ ಚರಿತ್ರೆಯನ್ನು ಇಡುವ ಸಿಬಿಲ್ ದಾಖಲೆಯಲ್ಲಿ ಇಬ್ಬರ ಹೆಸರೂ ಕೆಡುತ್ತದೆ, ಮುಂದಿನ ಮುಂಗಾರಿಗೆ ಬೆಳೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ತೆರೆದು ನೋಡುವುದು ಅದನ್ನೇ.