ಟೆಕ್ಸಾಸ್‌ನಲ್ಲಿ ಮನೆಯಲ್ಲೇ ಚಟ್ನಿಪುಡಿ, ಚಕ್ಕುಲಿ ಮಾಡಿ ಮಾರಬಹುದಾ?

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ನಾನು ಎಚ್-4 ವೀಸಾದಲ್ಲಿದ್ದೇನೆ. ಚಟ್ನಿಪುಡಿ, ಚಕ್ಕುಲಿ, ಉಪ್ಪಿನಕಾಯಿ, ಹೋಳಿಗೆ ಮಾಡಿ ಮಾರುವ ಆಸೆ. ಲೈಸೆನ್ಸ್ ಬೇಕಾ? ಮನೆಗೆ ಬಂದು ತಪಾಸಣೆ ಮಾಡ್ತಾರಾ?

ಮಾರಾಟಕ್ಕೆ ಲೈಸೆನ್ಸ್ ಬೇಡ, ಅಡುಗೆಮನೆ ನೋಡಲು ಯಾರೂ ಬರುವುದಿಲ್ಲ. ನಾನು ಹ್ಯೂಸ್ಟನ್ ಕಡೆಯವಳು, ಕೆಲವು ವರ್ಷದಿಂದ ಪುಡಿಗಳನ್ನು ಮಾರುತ್ತಿದ್ದೇನೆ. ಮನೆಯಲ್ಲಿ ಮಾಡಿದ ತಿಂಡಿ ಮಾರಲು ಅವಕಾಶ ಕೊಡುವ ಟೆಕ್ಸಾಸ್‌ನ ಕಾಟೇಜ್ ಫುಡ್ ಕಾನೂನು ನಿಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ನೀವು ಬರೆದ ಆ ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ವೀಸಾ.

ಆದ್ದರಿಂದ ಅದನ್ನೇ ಮೊದಲು ನೋಡಿ. ಕೆಲಸದ ಪರವಾನಗಿ, ಅಂದರೆ ಇಎಡಿ ಇಲ್ಲದೆ ಎಚ್-4ನಲ್ಲಿ ಸ್ವಂತ ವ್ಯಾಪಾರವೂ ಕೆಲಸವೇ. ಸುಮ್ನೆ ನಾಲ್ಕು ಪ್ಯಾಕೆಟ್ ಗೆಳತಿಯರಿಗೆ ಕೊಡ್ತೀನಿ ಅಂದರೂ ಹಣ ತೆಗೆದುಕೊಂಡರೆ ಅದು ವ್ಯಾಪಾರ. 2015ರ ಮೇ ತಿಂಗಳಿಂದ ಕೆಲವು ಎಚ್-4 ಸಂಗಾತಿಗಳಿಗೆ ಇಎಡಿ ಸಿಗುತ್ತಿದೆ. ಮುಖ್ಯವಾಗಿ, ಗಂಡ ಅಥವಾ ಹೆಂಡತಿಯ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿದ್ದರೆ. "ಗಂಡನ ಹೆಸರಲ್ಲಿ ಮಾಡೋಣ" ಅಂತ ಸಲಹೆ ಕೊಡುವವರು ಪ್ರತಿ ಪಾರ್ಟಿಯಲ್ಲೂ ಒಬ್ಬರು ಇರುತ್ತಾರೆ. ಎಚ್-1ಬಿ ಇರುವವರು ತಮ್ಮ ಕಂಪನಿ ಬಿಟ್ಟು ಬೇರೆ ಕಡೆ ದುಡಿಯುವ ಹಾಗಿಲ್ಲ, ಪುಡಿ ಕುಟ್ಟುವವರು ನೀವೇ ಆದರೆ ನಿಮ್ಮ ತೊಂದರೆಯೂ ತೀರುವುದಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತು, ಚಕ್ಕುಲಿಗಾಗಿ ಅದನ್ನು ಪಣಕ್ಕಿಡಬೇಡಿ. ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಕೇಳಿಬಿಡಿ.

ಇಎಡಿ ಇದೆ ಅಂತ ಇಟ್ಟುಕೊಳ್ಳೋಣ. ಮುಂದಿನದು ಸಲೀಸು. ಆನ್‌ಲೈನ್‌ನಲ್ಲಿ ಆಹಾರ ಸುರಕ್ಷತೆ ಕಲಿಸುವ ಫುಡ್ ಹ್ಯಾಂಡ್ಲರ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 1ರಿಂದ ಕಾನೂನು ಇನ್ನೂ ಸಡಿಲವಾಗಿದೆ. ಮೊದಲು ವರ್ಷಕ್ಕೆ 50,000 ಡಾಲರ್ ಮಾರಾಟದ ಮಿತಿ ಇತ್ತು, ಈಗ 1,50,000. ಅಷ್ಟು ಚಟ್ನಿಪುಡಿ ಮಾರಿದರೆ ನನಗೂ ಹೇಳಿ.

ಇನ್ನು ನಿಮ್ಮ ಪಟ್ಟಿ. ನಾನಾಗಿದ್ದರೆ ಪುಡಿಗಳಿಂದ ಶುರು ಮಾಡುತ್ತೇನೆ. ಚಟ್ನಿಪುಡಿ, ಸಾರಿನ ಪುಡಿ, ಹುರಿಗಡಲೆ ಪುಡಿ. ಒಣ ಪದಾರ್ಥ, ಫ್ರಿಜ್ ಬೇಡ, ಕೆಡುವ ಭಯ ಕಡಿಮೆ. ಚಕ್ಕುಲಿ, ಕೋಡುಬಳೆಗೂ ಕಾನೂನಿನ ತಕರಾರಿಲ್ಲ. ಆದರೆ ಹ್ಯೂಸ್ಟನ್ ಹವೆಯಲ್ಲಿ ಚಕ್ಕುಲಿ ಕಾಯುವುದೇ ಒಂದು ಕೆಲಸ, ಬೆಳಿಗ್ಗೆ ಕರಿದು ಹೊರಗಿಟ್ಟರೆ ಸಂಜೆಗೆ ಮೆತ್ತಗೆ. ನಿಮ್ಮ ಕಡೆ ಇದು ಸ್ವಲ್ಪ ವಾಸಿ. ಪೂರ್ತಿ ಆರಿದ ಮೇಲೆ ತಕ್ಷಣ ಸೀಲ್ ಮಾಡಿ. ಬಿಸಿ ಇರುವಾಗ ಕಟ್ಟಿದರೆ ಕವರಿನೊಳಗೆ ಬೆವರು ಕಟ್ಟುತ್ತದೆ.

ಉಪ್ಪಿನಕಾಯಿಗೆ ಲೆಕ್ಕ ಬೇರೆ. ಆಮ್ಲದ ಅಳತೆ ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆ ಇರಲೇಬೇಕು. ಅಂಗೀಕೃತ ಮೂಲದ ಅಥವಾ ಲ್ಯಾಬ್‌ನಲ್ಲಿ ಪರೀಕ್ಷಿಸಿದ ರೆಸಿಪಿ ಇಲ್ಲದಿದ್ದರೆ ಪ್ರತಿ ಬ್ಯಾಚನ್ನೂ ಪಿಎಚ್ ಮೀಟರಿನಲ್ಲಿ ನೋಡಬೇಕು. ಬ್ಯಾಚಿಗೊಂದು ನಂಬರು ಹಾಕಿ 12 ತಿಂಗಳು ದಾಖಲೆ ಇಡಬೇಕು. ಅಜ್ಜಿಯ ರೆಸಿಪಿ ಯಾವ ಲ್ಯಾಬಿಗೂ ಹೋಗಿರುವುದಿಲ್ಲ, ಹಾಗಾಗಿ ಮೀಟರ್ ಕೊಳ್ಳಿ. ಎಳೆ ಮಾವಿನಕಾಯಿ, ನಿಂಬೆಕಾಯಿ ತಮ್ಮಷ್ಟಕ್ಕೇ ಹುಳಿ, ಅಳತೆ ಸುಲಭವಾಗಿ ಬರುತ್ತದೆ. ಬೆಳ್ಳುಳ್ಳಿ ಉಪ್ಪಿನಕಾಯಿ ನಾನು ಮಾಡುವುದಿಲ್ಲ. ಬೆಳ್ಳುಳ್ಳಿಯಲ್ಲಿ ಹುಳಿ ಸಾಲದು, ಎಣ್ಣೆಯಡಿ ಗಾಳಿ ಇರುವುದಿಲ್ಲ. ಬೊಟುಲಿಸಂ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾಕ್ಕೆ ಬೇಕಿರುವುದೂ ಅದೇ. ವಾಸನೆಯಲ್ಲಿ, ರುಚಿಯಲ್ಲಿ ಗೊತ್ತೂ ಆಗುವುದಿಲ್ಲ.

ಹೋಳಿಗೆಯ ಹೂರಣ ಬೆಂದ ಬೇಳೆ, ಒದ್ದೆ. ಅದನ್ನು ಫ್ರಿಜ್‌ನಲ್ಲಿಡಬೇಕಾದ ಪದಾರ್ಥ ಅಂತಲೇ ಹಿಡಿಯಿರಿ. ಹಿಂದೆ ಇಂಥದ್ದನ್ನು ಮಾರುವ ಹಾಗೇ ಇರಲಿಲ್ಲ. ಈಗ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ನೋಂದಾಯಿಸಿಕೊಂಡು ಮಾರಬಹುದು. ಲೇಬಲ್ ಮೇಲೆ ತಯಾರಿಸಿದ ದಿನಾಂಕ, ತಣ್ಣಗಿಡಬೇಕು ಅನ್ನುವ ಸೂಚನೆ ಕಡ್ಡಾಯ. ಆದರೆ ಮಾಂಸ, ಮೀನು ಈಗಲೂ ಪೂರ್ತಿ ಹೊರಗೆ. ಮಂಗಳೂರಿನ ಗೆಳತಿಯೊಬ್ಬಳಿಗೆ ಒಣ ಸಿಗಡಿ ಚಟ್ನಿ ಮಾರುವ ಆಸೆ, ಪಾಪ.

ಲೇಬಲ್ ವಿಷಯದಲ್ಲಿ ಜಾಸ್ತಿ ಹೊತ್ತು ಕೂರಿ. ಇದು ಮನೆಯಲ್ಲಿ ತಯಾರಾದದ್ದು, ಸರ್ಕಾರದ ತಪಾಸಣೆ ಇಲ್ಲ ಅನ್ನುವ ವಾಕ್ಯ ಕಾನೂನಿನಲ್ಲಿದ್ದ ಹಾಗೇ ಹಾಕಬೇಕು. ಮನೆ ವಿಳಾಸ ಹಾಕಲು ಮನಸ್ಸಿಲ್ಲದಿದ್ದರೆ ಇಲಾಖೆಯಿಂದ ನೋಂದಣಿ ಸಂಖ್ಯೆ ಪಡೆದು ಅದನ್ನೇ ಹಾಕಬಹುದು. ಆಮೇಲೆ ಅಲರ್ಜಿಯ ಪದಾರ್ಥಗಳು. 2023ರ ಜನವರಿಯಿಂದ ಎಳ್ಳೂ ಆ ಪಟ್ಟಿಗೆ ಸೇರಿದೆ, ಅಂದರೆ ಚಕ್ಕುಲಿಗೆ ಎಳ್ಳು ಹಾಕಿದರೆ ಬರೆಯಲೇಬೇಕು. ಶೇಂಗಾ ಎಲ್ಲರಿಗೂ ನೆನಪಿರುತ್ತದೆ. ತುಪ್ಪ ಹಾಕಿದರೆ ಹಾಲು ಅಂತ ಬರೆಯಬೇಕು, ಇದು ಮರೆತುಹೋಗುತ್ತದೆ. ಎಲ್ಲಕ್ಕಿಂತ ಕಳ್ಳ ಅಂದರೆ ಇಂಗು! ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಹೆಚ್ಚಿನ ಇಂಗಿನ ಪುಡಿಯಲ್ಲಿ ಗೋಧಿ ಹಿಟ್ಟು ಇರುತ್ತದೆ. ಬರೀ ಬೇಳೆ, ಮೆಣಸಿನಕಾಯಿಯ ಪುಡಿ ಅಂದುಕೊಂಡು "ಗೋಧಿ ಇಲ್ಲ" ಅಂತ ಹೇಳಿಬಿಡುತ್ತೇವೆ, ಚಿಟಿಕೆ ಇಂಗು ಅದನ್ನು ಸುಳ್ಳು ಮಾಡುತ್ತದೆ. ನಾನು ಅಕ್ಕಿ ಹಿಟ್ಟು ಬೆರೆಸಿದ ಇಂಗು ಹುಡುಕಿ ತರುತ್ತೇನೆ.

ಮಾರಾಟ ಟೆಕ್ಸಾಸ್ ಒಳಗೇ ಇರಲಿ. ವಾಟ್ಸಾಪ್‌ನಲ್ಲಿ ಆರ್ಡರ್ ತೆಗೆದುಕೊಂಡು ಕೈಯಾರೆ ತಲುಪಿಸುವುದೇ ನೆಮ್ಮದಿ. ನ್ಯೂಜೆರ್ಸಿಯ ನಾದಿನಿಯ ಗೆಳತಿಯರೆಲ್ಲ ಕೇಳುತ್ತಾರೆ, ಅಲ್ವಾ? ಅವರಿಗೆ ಪಾರ್ಸೆಲ್ ಮಾರುವಂತಿಲ್ಲ, ರಾಜ್ಯದ ಗಡಿ ದಾಟಿದರೆ ಈ ರಿಯಾಯಿತಿ ನಿಮ್ಮ ಜೊತೆ ಬರುವುದಿಲ್ಲ. ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮದಲ್ಲಿ ಸ್ಟಾಲ್ ಹಾಕುವುದಾದರೆ ಸಂಘಟಕರು ವಿಮೆ ಕೇಳುವುದುಂಟು.

ನಗರಸಭೆ ವಲಯದ ನಿಯಮ (ಯಾವ ಜಾಗದಲ್ಲಿ ವ್ಯಾಪಾರ, ಯಾವ ಜಾಗದಲ್ಲಿ ಮನೆ ಅನ್ನುವ ಝೋನಿಂಗ್) ತೋರಿಸಿ ನಿಮ್ಮನ್ನು ತಡೆಯುವ ಹಾಗಿಲ್ಲ. ಬಡಾವಣೆಯ ಮನೆ ಮಾಲೀಕರ ಸಂಘ (ಎಚ್‌ಒಎ) ಅಥವಾ ಬಾಡಿಗೆ ಕರಾರು ತಡೆಯಬಹುದು. ಬಾಗಿಲ ಮುಂದೆ ಸಾಲಾಗಿ ಕಾರು ನಿಂತರೆ ಪಕ್ಕದ ಮನೆಯವರೇ ದೂರು ಕೊಡುತ್ತಾರೆ, ಹಾಗಾಗಿ ಆರ್ಡರ್‌ಗಳಿಗೆ ಬೇರೆ ಬೇರೆ ಸಮಯ ಕೊಡಿ.

ತೆರಿಗೆ: ರಾಜ್ಯಕ್ಕೆ ಆದಾಯ ತೆರಿಗೆ ಇಲ್ಲ. ಫೆಡರಲ್‌ಗೆ ನಿವ್ವಳ ಲಾಭ 400 ಡಾಲರ್ ಮುಟ್ಟಿದರೆ ಸ್ವಯಂ ಉದ್ಯೋಗ ತೆರಿಗೆಯ ಫಾರಂ ತುಂಬಬೇಕು. ಎಲ್‌ಎಲ್‌ಸಿ, ಅಂದರೆ ಪ್ರತ್ಯೇಕ ಕಂಪನಿ, ಶುರುವಿನಲ್ಲೇ ಬೇಕಿಲ್ಲ. ನಿಮ್ಮ ಹೆಸರು ಬಿಟ್ಟು ಬೇರೆ ಹೆಸರಲ್ಲಿ ಮಾರುವುದಾದರೆ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಆ ಹೆಸರು ದಾಖಲಿಸಿ. ಇಎಡಿ ವಿಷಯ ತಿಳಿದ ಮೇಲೆ ಇಲ್ಲೇ ಕಾಮೆಂಟ್ ಹಾಕಿ, ನನ್ನ ಲೇಬಲ್‌ನ ಮಾದರಿ ಕೊಡುತ್ತೇನೆ.